ಸಂಪಾದಕರ ಉತ್ತರ: ಗೋಲ್ಡ್ ಇದೆ, ದುಡ್ಡು ಎಲ್ಲಿ?

ಮದ್ದೂರು ತಾಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಬಿ.ಕಾಂ. ಮುಗಿದಿದೆ, ಕೆಲಸ ಇನ್ನೂ ಸಿಕ್ಕಿಲ್ಲ. ಹಗಲು ಅಪ್ಪನ ಆಲೆಮನೆ, ರಾತ್ರಿ ಮೂರು ಗಂಟೆ ಹೊತ್ತು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟ. ಆಡುವುದು ಅಮೆರಿಕದ ಸರ್ವರ್‌ನಲ್ಲಿ. ಅಲ್ಲಿನ ಆಕ್ಷನ್ ಹೌಸ್‌ನಲ್ಲಿ, ಅಂದರೆ ಆಟದೊಳಗಿನ ಹರಾಜು ಕಟ್ಟೆಯಲ್ಲಿ, ಆಟದ ಮೂಲಿಕೆ ಕೊಂಡು ಮಾರಿ ದಿನಕ್ಕೆ ಸರಾಸರಿ 20,000 ಗೋಲ್ಡ್ (ಆಟದೊಳಗಿನ ನಾಣ್ಯ) ಉಳಿಸುತ್ತಾರಂತೆ. ಅವರ ಪ್ರಶ್ನೆಗಳು ಮೂರು. ಈ ಹರಾಜಿನಲ್ಲಿ ಇನ್ನೂ ಜಾಸ್ತಿ ದುಡಿಯುವುದು ಹೇಗೆ? ಗೋಲ್ಡ್‌ಗೆ ರೂಪಾಯಿ ಕೊಡುತ್ತೇನೆ ಎನ್ನುವ ದಲ್ಲಾಳಿಗೆ ಮಾರಬಹುದಾ? ಅಪ್ಪ ಇದನ್ನು ಜೂಜು ಎನ್ನುತ್ತಾರೆ, ನಿಜವಾ? ಕೊನೆಗೊಂದು ಸಾಲು: ಕೈಯಲ್ಲಿ 600 ಮೂಲಿಕೆ ಉಳಿದಿದೆ, ಈಗಲೇ ಮಾರಲಾ, ಕಾಯಲಾ?

ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ಜೋರಾಗಿ ನಗು ಬಂದದ್ದು ಒಂದು ಸಾಲಿಗೆ. ‘ನಮ್ಮಪ್ಪನಿಗೆ ಹರಾಜು ಅಂದರೆ ಏನು ಅಂತ ಅರ್ಥ ಆಗಲ್ಲ’ ಎಂದಿದ್ದೀರಿ. ಮೂವತ್ತು ವರ್ಷ ಮಂಡ್ಯದ ಎಪಿಎಂಸಿಗೆ ಬೆಲ್ಲ ಹಾಕಿದ ಮನುಷ್ಯನಿಗೆ! ಸ್ವಾಮಿ, ನಿಮ್ಮ ಮೊದಲ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಹೇಳುವವರು ನಿಮ್ಮ ಪಕ್ಕದಲ್ಲೇ ಊಟಕ್ಕೆ ಕೂರುತ್ತಾರೆ. ಸುಮ್ನೆ ಕೇಳಿ ನೋಡಿ. ಆದರೂ ಪತ್ರ ನನಗೆ ಬಂದಿದೆ, ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಕಮಿಷನ್ ಲೆಕ್ಕ. ಆಕ್ಷನ್ ಹೌಸ್ ಪ್ರತಿ ಮಾರಾಟದಲ್ಲೂ 5% ಹಿಡಿದುಕೊಳ್ಳುತ್ತದೆ. 100 ಗೋಲ್ಡ್‌ಗೆ ಕೊಂಡು 105ಕ್ಕೆ ಮಾರಿದರೆ ಐದು ಗೋಲ್ಡ್ ಲಾಭ ಅಂದುಕೊಂಡವರು ಬಹಳ ಜನ. ಕೈಗೆ ಬರುವುದು 99.75. ಅಂದರೆ ನಷ್ಟ. 106ಕ್ಕೆ ಮಾರಿದರೂ ಮುಕ್ಕಾಲು ಗೋಲ್ಡ್ ಕೂಡ ಉಳಿಯುವುದಿಲ್ಲ. ಮಾಲು ಹೋಗದೆ ಅವಧಿ ಮುಗಿದರೆ, ಅಥವಾ ನೀವೇ ಮನಸ್ಸು ಬದಲಾಯಿಸಿ ವಾಪಸ್ ತೆಗೆದರೆ, ಮೊದಲು ಕಟ್ಟಿದ ಡೆಪಾಸಿಟ್ಟೂ ಹೋಯಿತು. ನೀವು ಕಳಿಸಿದ ಒಂದು ವಾರದ ಲೆಕ್ಕದ ಹಾಳೆಯಲ್ಲಿ ಈ ಡೆಪಾಸಿಟ್‌ಗೆ ಕಾಲಂ ಇಲ್ಲವೇ ಇಲ್ಲ. ಬಿ.ಕಾಂ. ಓದಿದವರು ನೀವು!

ಇನ್ನೊಂದು ವಿಷಯ ಇದೆ, ಇದನ್ನು ಆಟಗಾರರು ಅಷ್ಟಾಗಿ ಯೋಚಿಸುವುದಿಲ್ಲ. ಆ ಲೋಕದಲ್ಲಿ ಗೋಲ್ಡ್ ಹುಟ್ಟುವುದು ರಾಕ್ಷಸರನ್ನು ಹೊಡೆದಾಗ, ಆಟ ಕೊಟ್ಟ ಕೆಲಸ ಮುಗಿಸಿದಾಗ. ಹರಾಜಿನಲ್ಲಿ ಒಂದು ಗೋಲ್ಡ್ ಕೂಡ ಹುಟ್ಟುವುದಿಲ್ಲ. ಅವನ ಚೀಲದಿಂದ ಇವನ ಚೀಲಕ್ಕೆ ಹೋಗುತ್ತದೆ, ದಾರಿಯಲ್ಲಿ 5% ಮಾಯವಾಗುತ್ತದೆ. ಹಾಗಾದರೆ ನಿಮ್ಮ 20,000 ಎಲ್ಲಿಂದ ಬಂತು? ಯಾರದೋ ಅವಸರದಿಂದ. ಈಗಲೇ ಬೇಕು ಎನ್ನುವವನು ಜಾಸ್ತಿ ಕೊಡುತ್ತಾನೆ, ಈಗಲೇ ಹೋಗಲಿ ಎನ್ನುವವನು ಕಡಿಮೆಗೆ ಬಿಡುತ್ತಾನೆ. ಅವರಿಬ್ಬರ ನಡುವೆ ಅವಸರ ಇಲ್ಲದೆ ನಿಂತವರು ನೀವು.

ಅವಸರ ಅಂದರೆ ಏನು ಅಂತ ನಾನು ನೋಡಿದ್ದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ. ಚಿಕ್ಕವನಿದ್ದಾಗ ಮಳವಳ್ಳಿ ಕಡೆಯ ನಮ್ಮ ಮಾವನ ಜೊತೆ ಹೋಗಿದ್ದೆ. ಬೆಳಗಿನ ಕೂಗು ಸಾಲದು ಅಂತ ಮಾವ ಒಪ್ಪಲಿಲ್ಲ. ಗೂಡೊಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಬಂದರೆ ಗೂಡು ನೂಲು ಬಿಚ್ಚಲು ಬರುವುದಿಲ್ಲ. ಅದು ಮಾವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಎರಡನೇ ಸುತ್ತಿನಲ್ಲಿ ಬೆಲೆ ಇನ್ನೂ ಇಳಿಯಿತು. ಮಾವ ಬಸ್ಸಿನಲ್ಲಿ ಚನ್ನಪಟ್ಟಣ ದಾಟುವ ತನಕ ಮಾತಾಡಲಿಲ್ಲ.

ಬೆಲ್ಲಕ್ಕೂ ಅದೇ ಪಾಡು, ಮಳೆಗಾಲದಲ್ಲಿ ಅಚ್ಚು ಬೆವರುತ್ತದೆ. ನಿಮ್ಮ ಆಟದ ಮೂಲಿಕೆ ಕೊಳೆಯುವುದಿಲ್ಲ. ಹತ್ತು ವರ್ಷ ಬ್ಯಾಂಕಿನಲ್ಲಿಟ್ಟರೂ ಇವತ್ತು ಕಿತ್ತಂತೆ ಇರುತ್ತದೆ. ಇದು ಸುಖ ಅಂತ ಕಾಣುತ್ತದೆ, ಆದರೆ ಇದರಲ್ಲೇ ಪೆಟ್ಟಿದೆ. ಕೊಳೆಯದ ಮಾಲನ್ನು ಎಲ್ಲರೂ ಕೂಡಿಡುತ್ತಾರೆ, ಬೆಲೆ ಏರಿತು ಅಂದ ತಕ್ಷಣ ಎಲ್ಲರೂ ಒಟ್ಟಿಗೆ ಹೊರಗೆ ತರುತ್ತಾರೆ. ಕೊಳೆಯದಿದ್ದರೂ ಅದು ಹಳತಾಗುತ್ತದೆ. 2024ರ ಆಗಸ್ಟ್‌ನಲ್ಲಿ ಆಟದ ಹೊಸ ಕಂತು ‘ದ ವಾರ್ ವಿದಿನ್’ ಬಂದಾಗ ಆಟಗಾರರಿಗೆ ಹೊಸ ನೆಲದ ಮೂಲಿಕೆ ಬೇಕಾಯಿತು. ಹಿಂದಿನ ಕಂತಿನದನ್ನು ಚೀಲಗಟ್ಟಲೆ ಇಟ್ಟುಕೊಂಡವರು ಹಾಗೇ ಇಟ್ಟುಕೊಂಡರು.

ಇನ್ನೂ ಜಾಸ್ತಿ ದುಡಿಯಬೇಕು ಅಂದರೆ ಮೂಲಿಕೆ ಬಿಡಿ ಎನ್ನುವುದು ನನ್ನ ಅಭಿಪ್ರಾಯ. 2022ರ ಆಗಸ್ಟ್‌ಗೆ ಮುಂಚೆ ಪ್ರತಿ ಸರ್ವರ್‌ಗೂ ಅದರದ್ದೇ ಸಂತೆ ಇತ್ತು. ಆಮೇಲೆ ಮೂಲಿಕೆ, ಅದಿರು, ಔಷಧಿ ಇಂಥ ರಾಶಿ ಮಾಲನ್ನೆಲ್ಲ ಇಡೀ ಪ್ರದೇಶಕ್ಕೆ ಒಂದೇ ಮಾರುಕಟ್ಟೆ ಮಾಡಿದರು. ಈಗ ನೀವು ಪಕ್ಕದ ಅಂಗಡಿಯವನ ಜೊತೆ ಪೈಪೋಟಿ ಮಾಡುತ್ತಿಲ್ಲ. ಇಡೀ ಅಮೆರಿಕದ ಸರ್ವರ್‌ಗಳ ಜೊತೆ, ಹಗಲು ರಾತ್ರಿ ನಿದ್ದೆಯಿಲ್ಲದೆ ಮೂಲಿಕೆ ಕೀಳುವ ಬಾಟ್‌ಗಳ (ಮನುಷ್ಯರಿಲ್ಲದೆ ತಾನೇ ಆಡುವ ಪ್ರೋಗ್ರಾಂಗಳು) ಜೊತೆ ಮಾಡುತ್ತಿದ್ದೀರಿ. ಆದರೆ ಉಡುಪು, ಆಯುಧ, ಸಾಕುಪ್ರಾಣಿ ಇವು ಇನ್ನೂ ಸರ್ವರ್ ಸರ್ವರ್‌ಗೆ ಬೇರೆ. ಸಾಕುಪ್ರಾಣಿಗಳು ನಿಮ್ಮ ಖಾತೆಗೆ ಸೇರಿದವು, ಒಂದು ಸರ್ವರ್‌ನಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಪಂಜರಕ್ಕೆ ಹಾಕಿ ಮಾರಬಹುದು. ಪಂಜರಕ್ಕೆ ಹಾಕಲು ಬಿಡುವ ಜಾತಿ ಮಾತ್ರ, ಅದನ್ನು ನೋಡಿಕೊಳ್ಳಿ. ಹಳ್ಳಿ ಸಂತೆಯಲ್ಲಿ ಕೊಂಡ ಸೊಪ್ಪನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ತಂದ ಹಾಗೆ, ಬಸ್ ಚಾರ್ಜ್ ಮಾತ್ರ ಇಲ್ಲ. ಒಂದೊಂದು ಪ್ರಾಣಿ ಹೋಗಲು ವಾರಗಟ್ಟಲೆ ಹಿಡಿಯುತ್ತದೆ. ನಿಮಗೆ ಕಾಯಲು ಬರುತ್ತದೆ ಅಂತ ಪತ್ರದಲ್ಲೇ ಗೊತ್ತಾಯಿತು.

ಇಷ್ಟೆಲ್ಲ ಹೇಳಿದೆ, ಈಗ ಕಹಿ ಲೆಕ್ಕ. ದಿನಕ್ಕೆ 20,000 ಅಂದರೆ ತಿಂಗಳಿಗೆ ಆರು ಲಕ್ಷ ಗೋಲ್ಡ್, ದುಡಿಮೆ 90 ಗಂಟೆ. ಗೋಲ್ಡ್‌ಗೆ ದುಡ್ಡಿನ ಬೆಲೆ ಪಡೆಯಲು ಆಟದ ಕಂಪನಿ ಒಪ್ಪುವ ದಾರಿ ಒಂದೇ, 2015ರ ಏಪ್ರಿಲ್‌ನಲ್ಲಿ ಬಂದ ಟೋಕನ್. ಯಾರೋ 20 ಡಾಲರ್ ಕೊಟ್ಟು ಟೋಕನ್ ಕೊಂಡು ಹರಾಜಿಗಿಡುತ್ತಾರೆ. ನೀವು ಗೋಲ್ಡ್ ಕೊಟ್ಟು ಅದನ್ನು ಪಡೆದರೆ 30 ದಿನದ ಆಟ, ಅಥವಾ ಕಂಪನಿಯ ಖಾತೆಯಲ್ಲಿ 15 ಡಾಲರ್ ಜಮೆ. ಟೋಕನ್ ಈಗ ಮೂರು ಲಕ್ಷದ ಆಸುಪಾಸು ಎಂದು ನೀವೇ ಬರೆದಿದ್ದೀರಿ. ಅಂದರೆ ತಿಂಗಳಿಗೆ ಎರಡು ಟೋಕನ್. ಒಂದು ನಿಮ್ಮ ಆಟದ ಚಂದಾಕ್ಕೇ ಹೋಯಿತು. ಉಳಿದದ್ದು 15 ಡಾಲರ್. ಡಾಲರ್‌ಗೆ 85 ರೂಪಾಯಿ ಅಂತ ಇಟ್ಟುಕೊಂಡರೆ 1,275 ರೂಪಾಯಿ. ಗಂಟೆಗೆ 14. ಅದೂ ನಗದಲ್ಲ, ಆ ಕಂಪನಿಯ ಅಂಗಡಿಯಲ್ಲೇ ಖರ್ಚು ಮಾಡಬೇಕು. ನಿಮ್ಮ ಆಲೆಮನೆಯಲ್ಲಿ ಒಲೆಗೆ ಸಿಪ್ಪೆ ಹಾಕುವವರಿಗೆ ಗಂಟೆಗೆ ಎಷ್ಟು ಬೀಳುತ್ತದೆ ಅಂತ ನಿಮಗೇ ಗೊತ್ತು.

ಹಿಂದೆ ಇದಕ್ಕಿಂತ ಒಳ್ಳೆ ಕಾಲ ಇತ್ತಾ ಅಂದರೆ, ಇತ್ತು. 2001ರಲ್ಲಿ ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅರ್ಥಶಾಸ್ತ್ರಜ್ಞ ‘ಎವರ್‌ಕ್ವೆಸ್ಟ್’ ಎಂಬ ಆಟದ ಲೋಕವನ್ನು ಒಂದು ದೇಶದಂತೆ ಅಳೆದರು. ಆಗ ಅಲ್ಲಿನ ಮಾಲು ಇಬೇಯಲ್ಲಿ ಡಾಲರ್‌ಗೆ ಹೋಗುತ್ತಿತ್ತು. ಒಬ್ಬ ಆಟಗಾರನ ದುಡಿಮೆ ಗಂಟೆಗೆ ಸುಮಾರು 3.42 ಡಾಲರ್, ತಲಾ ಉತ್ಪನ್ನ ರಷ್ಯಾ ಮತ್ತು ಬಲ್ಗೇರಿಯಾ ನಡುವೆ ಎಂದು ಲೆಕ್ಕ ಬಂತು. 2007ರಲ್ಲಿ ಇಬೇ ಇಂಥ ಮಾರಾಟಕ್ಕೆ ಬಾಗಿಲು ಹಾಕಿತು.

ಕಂಪನಿಯೇ ನಗದು ಹರಾಜು ತೆರೆದದ್ದೂ ಇದೆ, ಅದು ಇದೇ ಕಂಪನಿಯ ಇನ್ನೊಂದು ಆಟ ‘ಡಯಾಬ್ಲೊ 3’ರಲ್ಲಿ. ಆಟ ಬಂದದ್ದು 2012ರ ಮೇನಲ್ಲಿ, ನಗದು ಹರಾಜು ಜೂನ್‌ನಲ್ಲಿ. ಒಂದು ಆಯುಧಕ್ಕೆ 250 ಡಾಲರ್ ತನಕ ಕೇಳಬಹುದಿತ್ತು. ನಾನೂ ಆಡಿದ್ದೇನೆ, ಗೋಲ್ಡ್ ಹರಾಜಿನ ಕಡೆ ಮಾತ್ರ. ಮೈಸೂರಿನ ಕುವೆಂಪುನಗರದ ಬಾಡಿಗೆ ಕೋಣೆ, ರಾತ್ರಿ ಕರೆಂಟ್ ಹೋದರೆ ಬಾಯಿಗೆ ಬಂದ ಬೈಗುಳ. ಒಬ್ಬರಿಗೆ ಒಂದು ಸಲಕ್ಕೆ ಹತ್ತೇ ಮಾಲು ಹರಾಜಿಗಿಡಲು ಬಿಡುತ್ತಿದ್ದರು. ಎರಡು ತಿಂಗಳಲ್ಲಿ ನಾನು ರಾಕ್ಷಸರನ್ನು ಹೊಡೆಯುವುದೇ ಬಿಟ್ಟಿದ್ದೆ. ಹೊಡೆದು ಸಿಗುವ ಕತ್ತಿಗಿಂತ ಒಳ್ಳೆಯದು ಹರಾಜಿನಲ್ಲಿ ಸಿಗುವಾಗ ಯಾಕೆ ಹೊಡೆಯಬೇಕು? ಬರೀ ಹತ್ತು ಸಾಲಿನ ಪಟ್ಟಿ ನೋಡುತ್ತಾ ಕೂರುತ್ತಿದ್ದೆ. ಕಂಪನಿಯೂ ಕೊನೆಗೆ ಅದೇ ಕಾರಣ ಕೊಟ್ಟು, 2014ರ ಮಾರ್ಚ್ 18ರಂದು ಎರಡೂ ಹರಾಜು ಮುಚ್ಚಿತು.

ದಲ್ಲಾಳಿ ವಿಷಯ. ಬೇಡ. ಗೋಲ್ಡ್ ಅನ್ನು ನಗದಿಗೆ ಮಾರುವುದು ಆಟದ ಒಪ್ಪಂದಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಆಟದ ಖಾತೆಯೇ ಹೋಗಬಹುದು. ನೀವು ‘ನನ್ನ ಗೋಲ್ಡ್’ ಎಂದು ಪತ್ರದಲ್ಲಿ ಹನ್ನೊಂದು ಸಲ ಬರೆದಿದ್ದೀರಿ, ಆದರೆ ಆ ಒಪ್ಪಂದದ ಪ್ರಕಾರ ಅದು ಕಂಪನಿಯದು. ನಿಮಗೆ ಬಳಸಲು ಬಿಟ್ಟಿದ್ದಾರೆ, ಅಷ್ಟೆ. ಅದಕ್ಕಿಂತ ನನಗೆ ಭಯ ಇರುವುದು ರೂಪಾಯಿಯ ಬಗ್ಗೆ. ಮುಖ ನೋಡದವನು ಯುಪಿಐನಲ್ಲಿ ಹಾಕುವ ದುಡ್ಡು ಯಾರಿಂದ ಕಿತ್ತದ್ದೋ? ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ, ಆ ಹಣ ಹೋದ ದಾರಿಯ ಖಾತೆಗಳಿಗೆಲ್ಲ ತಡೆ ಬೀಳಬಹುದು. ನಿಮ್ಮ ಬ್ಯಾಂಕ್ ಖಾತೆ ಅಪ್ಪನ ಜೊತೆ ಜಂಟಿ ಎಂದಿದ್ದೀರಿ. ಕಬ್ಬು ಕಡಿಯುವವರಿಗೆ ಶನಿವಾರ ಬಟವಾಡೆ ಮಾಡುವ ಖಾತೆ ಅದೇ ಅಲ್ವಾ? ಅಲ್ಲದೆ ‘ಮೊದಲು ಗೋಲ್ಡ್ ಕಳಿಸು, ಆಮೇಲೆ ದುಡ್ಡು’ ಅಂದನಂತೆ. ಮಂಡ್ಯದಲ್ಲಿ ಹೀಗೆ ಬೆಲ್ಲ ಕೊಂಡುಹೋದವರ ಕಥೆ ನಿಮ್ಮ ಮನೆಯಲ್ಲೇ ಒಂದೆರಡು ಇರಬೇಕು.

ಜೂಜಾ? ಅಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಗೆದ್ದರೆ ಹಣ ಬರುತ್ತದೆ ಅಂತ ಹಣ ಕಟ್ಟಿ ಆಡುವ ಆಟಗಳನ್ನು. ತಿಂಗಳ ಚಂದಾ ಕೊಟ್ಟು ಆಡುವುದು ಬೇರೆ. ಆದರೆ ಅಪ್ಪನ ಜೊತೆ ಈ ಪದದ ಮೇಲೆ ಜಗಳ ಆಡಬೇಡಿ. ಅವರು ಕಾಯ್ದೆ ಓದಿ ಹೇಳಿದ್ದಲ್ಲ. ರಾತ್ರಿ ಒಂದು ಗಂಟೆಗೆ ಮಗನ ಕೋಣೆಯಲ್ಲಿ ದೀಪ ಉರಿಯುವುದು ನೋಡಿ ಹೇಳಿದ್ದು.

ಇನ್ನು ಆ 600 ಮೂಲಿಕೆ. ಅಮೆರಿಕದ ಸರ್ವರ್‌ಗಳಲ್ಲಿ ಆಟದ ಹೊಸ ವಾರ ಶುರುವಾಗುವುದು ಮಂಗಳವಾರ, ನಮಗೆ ಆಗ ರಾತ್ರಿ ಎಂಟೂವರೆ. ಅಲ್ಲಿಂದ ದೊಡ್ಡ ಗುಂಪುಗಳು ಹೊಸದಾಗಿ ದಾಳಿಗೆ ಇಳಿಯುತ್ತವೆ, ಔಷಧಿ ಬೇಕು, ಔಷಧಿಗೆ ಮೂಲಿಕೆ ಬೇಕು. ಶನಿವಾರ ಭಾನುವಾರ ಎಲ್ಲರೂ ಬಿಡುವಾಗಿ ಕಿತ್ತು ತಂದು ಸುರಿಯುತ್ತಾರೆ, ಆಗ ಇಳಿಯುತ್ತದೆ. ಹಾಗಾಗಿ ಮಂಗಳವಾರದ ತನಕ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಸಲ ಹಾಕಬೇಡಿ. ಒಂದೇ ಬೆಲೆಗೆ ಇಟ್ಟವರಲ್ಲಿ ಕೊನೆಗೆ ಇಟ್ಟವನ ಮಾಲು ಮೊದಲು ಹೋಗುತ್ತದೆ, 2020ರಿಂದ ಅಲ್ಲಿ ಅದೇ ಕ್ರಮ. ಬೆಲೆ ಇಳಿಸುವ ಅಗತ್ಯ ಇಲ್ಲ, ನೂರು ನೂರರಂತೆ ಬಿಟ್ಟು ಬಿಟ್ಟು ಇಡಿ. ಮತ್ತೆ ಮುಂದಿನ ಪತ್ರದಲ್ಲಿ ಲೆಕ್ಕದ ಹಾಳೆ ಕಳಿಸುವಾಗ ಡೆಪಾಸಿಟ್ ಕಾಲಂ ಸೇರಿಸಿ.