ಕಾಂತಾಲ್ ತಂತಿ ಮತ್ತು ಶಾಖದ ಲೆಕ್ಕ

ಪ್ರಶ್ನೆ: ದುಬೈನಿಂದ ಬಂದ ನಮ್ಮ ಅಳಿಯನ ವೇಪ್ ಸಾಧನವನ್ನು (ಇ-ಸಿಗರೇಟ್) 220 ಡಿಗ್ರಿಗೆ ಹೊಂದಿಸಿದರೂ ಕಾಂತಾಲ್ ತಂತಿಯ ಸುರುಳಿಯೊಳಗಿನ, ದ್ರವ ಹೀರುವ ಹತ್ತಿ ಕರಕಾಗುತ್ತಿದೆ. ಕಾರಣವೇನು?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಇಂಥ ಸಾಧನಗಳಲ್ಲಿ ಸಾಮಾನ್ಯವಾಗಿ ಬೇರೆ ಉಷ್ಣಮಾಪಕವಿರುವುದಿಲ್ಲ; ತಂತಿ ಕಾದಂತೆ ಅದರ ವಿದ್ಯುತ್ ರೋಧ ಎಷ್ಟು ಏರಿತೆಂದು ಅಳೆದು, ಅದರಿಂದಲೇ ಶಾಖವನ್ನು ಲೆಕ್ಕ ಹಾಕಿ ವಿದ್ಯುತ್ತನ್ನು ತಗ್ಗಿಸುತ್ತವೆ. ನಿಕ್ಕಲ್ ತಂತಿಯ ರೋಧ 220 ಡಿಗ್ರಿ ತಲುಪುವಷ್ಟರಲ್ಲಿ ಇಮ್ಮಡಿ ಮೀರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಏರಿಕೆ ಕಡಿಮೆಯಾದರೂ ಅಳತೆಗೆ ಸಿಗುತ್ತದೆ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಕಾಂತಾಲ್ ಮಾತ್ರ ಕೆಂಪಗೆ ಕಾದರೂ ರೋಧ ಬದಲಿಸುವುದು ಅತ್ಯಲ್ಪ (ವಿದ್ಯುತ್ ಒಲೆಯ ನೈಕ್ರೋಮ್ ಸುರುಳಿಯ ಸ್ವಭಾವವೂ ಬಹುಮಟ್ಟಿಗೆ ಹೀಗೆಯೇ), ಹಾಗಾಗಿ ಶಾಖ ಏರಿದ್ದು ಸಾಧನಕ್ಕೆ ತಿಳಿಯದೆ ವಿದ್ಯುತ್ ತಗ್ಗುವುದಿಲ್ಲ, ಹತ್ತಿ ಕರಕಾಗುತ್ತದೆ; ಪರದೆಯ 220 ಕೇವಲ ಅಂಕಿ. ಅಂದಹಾಗೆ, 2019ರ ಕಾಯ್ದೆಯಂತೆ ಭಾರತದಲ್ಲಿ ವೇಪ್ ಸಾಧನಗಳ ಆಮದು, ಮಾರಾಟ ಎರಡೂ ನಿಷಿದ್ಧ. ಅಳಿಯಂದಿರಿಗೆ ಮೊದಲು ತಿಳಿಸಬೇಕಾದದ್ದು ಅದನ್ನೇ.