ಮಂಪರಿನಲ್ಲಿ ಬಾಯಿ ಬಿಟ್ಟುಬಿಟ್ಟರೆ?

ಆಪರೇಷನ್‌ಗೆ ಹೆದರಿ ನನ್ನ ಹತ್ತಿರ ಬರುವವರು ಹೊಸಬರಲ್ಲ. ಶಿರಸಿಯಲ್ಲಿ ಹದಿನಾಲ್ಕು ವರ್ಷದಿಂದ ಆಪ್ತಸಲಹೆ ಕೊಡುತ್ತಿದ್ದೇನೆ. "ಎಚ್ಚರವೇ ಆಗದಿದ್ದರೆ?" ಎನ್ನುವವರು ಜಾಸ್ತಿ. "ನಡುವೆ ಎಚ್ಚರ ಆಗಿಬಿಟ್ಟರೆ?" ಎನ್ನುವವರು ಸ್ವಲ್ಪ ಕಡಿಮೆ. ಮೂರನೆಯ ಹೆದರಿಕೆಯೂ ಒಂದಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾಕೆಂದರೆ ಅದು ಬಾಯಿ ಬಿಡುವುದರ ಬಗ್ಗೆಯೇ ಇರುವ ಹೆದರಿಕೆ. ಇಲ್ಲಿಯವರೆಗೆ ನಾಲ್ಕು ಮಂದಿಯಲ್ಲಿ ಕಂಡಿದ್ದೇನೆ. ಮೊದಲನೆಯವರಲ್ಲಿ ಗುರುತಿಸದೆ ಎರಡು ಭೇಟಿ ಹಾಳು ಮಾಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಐವತ್ತು ದಾಟಿದ ಹೆಂಗಸು. ಸಿದ್ದಾಪುರದ ಕಡೆ ಅಡಿಕೆ ತೋಟದ ಮನೆ. ಪಿತ್ತಕೋಶದಲ್ಲಿ ಕಲ್ಲು. ಎರಡು ಸಲ ಹೊಟ್ಟೆನೋವು ಬಂದು ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದ್ದರು. ಆಪರೇಷನ್‌ಗೆ ಮೂರು ಸಲ ತಾರೀಖು ಸಿಕ್ಕಿ, ಮೂರೂ ಸಲ ತಪ್ಪಿಸಿದ್ದರು. ಒಮ್ಮೆ ಮಾರಿಕಾಂಬಾ ಜಾತ್ರೆ, ಒಮ್ಮೆ ಮಳೆ, ಒಮ್ಮೆ ಅಡಿಕೆ ಕೊನೆ ಕೊಯ್ಲು. ನಮ್ಮ ಕಡೆ ನೆಪಕ್ಕೇನು ಬರ! ಕೊನೆಗೆ ಮಗ ಕರೆತಂದ. "ಅಮ್ಮನಿಗೆ ಸ್ವಲ್ಪ ಧೈರ್ಯ ಹೇಳಿ ಮೇಡಂ" ಎಂದು ಹೊರಗೆ ಕೂತ.

ನಾನು ಧೈರ್ಯ ಹೇಳಿದೆ. ಅದೇ ತಪ್ಪಾಯಿತು. ಉಸಿರಾಟದ ಅಭ್ಯಾಸ ಮಾಡಿಸಿದೆ. ಮೊದಲೆರಡು ಹೆದರಿಕೆಗೆ ನನ್ನ ಹತ್ತಿರ ಉತ್ತರ ಸಿದ್ಧವಿರುತ್ತದೆ. ತಲೆಯ ಹತ್ತಿರ ಅರಿವಳಿಕೆ ವೈದ್ಯರು ಕೊನೆಯವರೆಗೂ ಇರುತ್ತಾರೆ. ಹೃದಯದ ಬಡಿತ, ರಕ್ತದೊತ್ತಡ, ಆಮ್ಲಜನಕ ಎಲ್ಲವನ್ನೂ ನೋಡುತ್ತಲೇ ಇರುತ್ತಾರೆ. ನಡುವೆ ಎಚ್ಚರ ಆಗುವುದು ಬಲು ಅಪರೂಪ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ ಸುಮಾರು 19,000 ಮಂದಿಗೆ ಒಬ್ಬರು ಅಂಥ ದೂರು ಹೇಳಿದ್ದರು. ಇದೆಲ್ಲವನ್ನೂ ಒಪ್ಪಿಸಿದೆ. ಅವರು ಒಳ್ಳೆಯ ಮಗುವಿನಂತೆ ತಲೆ ಆಡಿಸಿದರು. ನಾಲ್ಕನೆಯ ತಾರೀಖೂ ತಪ್ಪಿತು.

ಮೂರನೆಯ ಸಲ ಅವರೊಬ್ಬರೇ ಬಸ್ಸಿನಲ್ಲಿ ಬಂದರು. ಬ್ಯಾಂಕಿಗೆ ಹೋಗ್ತೇನೆ ಅಂತ ಮನೆಯಲ್ಲಿ ಹೇಳಿದ್ದರಂತೆ. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಸುಮಾರು ಹೊತ್ತು ಸುಮ್ನೆ ಕೂತರು. ಆಮೇಲೆ ಕೇಳಿದರು:

"ಮೇಡಂ, ಮಂಪರು ಕೊಟ್ಟಾಗ ಯಾರು ಪ್ರಶ್ನೆ ಕೇಳ್ತಾರೆ?"

ನನಗೆ ಅರ್ಥವೇ ಆಗಲಿಲ್ಲ. "ಯಾವ ಪ್ರಶ್ನೆ ಅಕ್ಕಾ?"

"ಟಿವಿಯಲ್ಲಿ ತೋರಿಸಿದ್ರಲ್ಲ. ಆ ಛಾಪಾ ಕಾಗದದವನಿಗೆ. ಮಲಗಿಸಿ, ಕೆನ್ನೆ ತಟ್ಟಿ ತಟ್ಟಿ ಕೇಳ್ತಾ ಇದ್ರು. ಅವ ಹೇಳ್ತಾನೇ ಹೋದ."

ಆಗ ಹೊಳೆಯಿತು. ಆಸ್ಪತ್ರೆಯಲ್ಲಿ ಯಾರೋ ಸುಲಭವಾಗಲಿ ಎಂದು "ಮಂಪರಿನ ಇಂಜೆಕ್ಷನ್ ಕೊಡ್ತೇವೆ, ಏನೂ ಗೊತ್ತಾಗೋದಿಲ್ಲ" ಎಂದಿದ್ದರು. ನಮ್ಮ ಪೇಪರುಗಳಲ್ಲಿ 'ಮಂಪರು ಪರೀಕ್ಷೆ' ಎಂಬ ಮಾತು ಎಷ್ಟು ಸಲ ಬಂದಿಲ್ಲ! ನಕಲಿ ಛಾಪಾ ಕಾಗದದ ಹಗರಣದ ತೆಲಗಿಗೆ ಬೆಂಗಳೂರಿನಲ್ಲಿ ಮಾಡಿದ ಮಂಪರು ಪರೀಕ್ಷೆಯ ವಿಡಿಯೋವನ್ನು ಮನೆಮನೆಯಲ್ಲಿ ಕೂತು ನೋಡಿದವರು ನಾವು. ಅಲ್ಲಿಯೂ ಮಂಪರು, ಇಲ್ಲಿಯೂ ಮಂಪರು. ಅವರ ಲೆಕ್ಕ ತಪ್ಪು ಎನ್ನುವ ಹಾಗಿರಲಿಲ್ಲ.

ಆ ಹೊತ್ತಿಗೆ ನಾನು ನನ್ನ ಅನುಭವ ಹೇಳಿದೆ. ಎಂಟು ವರ್ಷದ ಹಿಂದೆ ನನಗೂ ಗರ್ಭಕೋಶದ ಗಡ್ಡೆಗೆ ಆಪರೇಷನ್ ಆಗಿತ್ತು. ಕೈಯ ನರಕ್ಕೆ ಹಾಲಿನಂಥ ಬಿಳಿ ಔಷಧ ಹೋಯಿತು. ಮೊಣಕೈವರೆಗೆ ಚುರುಚುರು ಉರಿ. ಮುಖದ ಮೇಲೆ ಮಾಸ್ಕು, ಅದರ ಪ್ಲಾಸ್ಟಿಕ್ ವಾಸನೆ. ಮೇಲಿನ ದೀಪ ಎರಡಾದ ಹಾಗೆ ಕಂಡಿತು. ಅಷ್ಟೇ. ಮತ್ತೆ ಯಾರೋ ನನ್ನ ಹೆಸರು ಕರೆಯುತ್ತಿದ್ದರು. "ಇನ್ನೂ ಶುರು ಮಾಡಿಲ್ವಾ" ಅಂದುಕೊಂಡೆ. ಮೂರು ಗಂಟೆ ಆಗಿತ್ತು. ನಿದ್ದೆ ಮಾಡಿ ಎದ್ದರೆ ಹೊತ್ತು ಹೋದದ್ದು ಮೈಗೆ ಗೊತ್ತಿರುತ್ತದೆ. ಕನಸಿನ ಚೂರಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ಹೋದ ಹೊತ್ತಿನ ಗುರುತೇ ಇಲ್ಲ.

"ಎದ್ದಾಗ ನೀವು ಎಂತಾದ್ರೂ ಮಾತಾಡಿದ್ರಾ?"

ಸುಳ್ಳು ಹೇಳಬಹುದಿತ್ತು. "ನನಗೆ ನೆನಪಿಲ್ಲ. ಅನ್ನ ಬಸಿದಾಯ್ತಾ ಅಂತ ಎರಡು ಸಲ ಕೇಳಿದ್ನಂತೆ, ನಮ್ಮನೆಯವರು ಹೇಳ್ತಾರೆ" ಎಂದು ನಕ್ಕೆ.

ಅವರು ನಗಲಿಲ್ಲ. ಮುಖ ಬಿಳುಚಿತು. "ಅಂದ್ರೆ ಮಾತು ಬರ್ತದೆ. ಬಂದದ್ದು ನಮಗೆ ಗೊತ್ತೂ ಇರೂದಿಲ್ಲ."

ಇಡೀ ಪ್ರಕರಣದಲ್ಲಿ ನನಗೆ ಕಷ್ಟವಾದ ನಿಮಿಷ ಅದು. "ಛೆ, ಯಾರೂ ಏನೂ ಹೇಳೋದಿಲ್ಲ ಬಿಡಿ" ಎನ್ನುವುದು ನಾಲಿಗೆಯ ತುದಿಯವರೆಗೆ ಬಂತು. ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ನಂಬಿದ್ದರೆ ಇನ್ನೂ ತಪ್ಪು.

ನಾನು ವೈದ್ಯೆಯಲ್ಲ. ಗೊತ್ತಿದ್ದಷ್ಟನ್ನು ಬಿಡಿಸಿ ಹೇಳಿದೆ. ಆಪರೇಷನ್ ನಡೆಯುವಾಗ ಅವರು ಮಾತಾಡಲಾರರು. ಇಂಥ ಆಪರೇಷನ್‌ನಲ್ಲಿ ಸ್ನಾಯು ಸಡಿಲವಾಗುವ ಔಷಧ ಕೊಟ್ಟಿರುತ್ತಾರೆ, ಉಸಿರಿನ ಕೊಳವೆ ಗಂಟಲೊಳಗೆ, ಧ್ವನಿ ಹುಟ್ಟುವ ಜಾಗದಲ್ಲೇ ದಾಟಿ ಹೋಗಿರುತ್ತದೆ. ಮಂಪರು ಪರೀಕ್ಷೆಯ ಕತೆಯೇ ಬೇರೆ. ಅಲ್ಲಿ ಪೆಂಟೋಥಾಲ್ ಎಂಬ ಔಷಧವನ್ನು ನಿಧಾನವಾಗಿ ಬಿಡುತ್ತಾ ಮನುಷ್ಯನನ್ನು ಅರ್ಧ ಎಚ್ಚರದಲ್ಲೇ ತಡೆದು ಇಡುತ್ತಾರೆ. ಒಬ್ಬರು ಪಕ್ಕದಲ್ಲಿ ಕೂತು ಕೇಳುತ್ತಲೇ ಇರಬೇಕು. ಅದೇ ಔಷಧವನ್ನು 1934ರಿಂದ ಆಪರೇಷನ್‌ಗೂ ಬಳಸಿದ್ದಾರೆ, ಅದನ್ನೂ ಮುಚ್ಚಿಡಲಿಲ್ಲ. ಆದರೆ ಥಿಯೇಟರಿನಲ್ಲಿ ಆ ಅರ್ಧ ಎಚ್ಚರವನ್ನು ಒಂದು ನಿಮಿಷದೊಳಗೇ ದಾಟಿಸಿಬಿಡುತ್ತಾರೆ. ಅಲ್ಲಿದ್ದವರಿಗೆ ನಿಮ್ಮ ಕತೆ ಬೇಕಿಲ್ಲ, ಪಿತ್ತಕೋಶ ಬೇಕು. ಇನ್ನು ಮಂಪರು ಪರೀಕ್ಷೆಯಲ್ಲೂ ಹೊರಬರುವುದೆಲ್ಲ ಸತ್ಯವೇ ಅಲ್ಲ. ಕಲ್ಪನೆ, ಕೇಳಿದ್ದಕ್ಕೆಲ್ಲ ಹೂಂಗುಟ್ಟುವುದು ಎಲ್ಲ ಬೆರೆತಿರುತ್ತದೆ. ಒಪ್ಪಿಗೆ ಇಲ್ಲದೆ ಅದನ್ನು ಯಾರಿಗೂ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದೂ ಕರ್ನಾಟಕ ಸರ್ಕಾರದ ಮೇಲಿನ ಕೇಸಿನಲ್ಲಿ.

"ಎದ್ದ ಮೇಲೆ?" ಎಂದರು. ಹಿಡಿದ ದಾರ ಬಿಡುವವರಲ್ಲ.

"ಎದ್ದ ಮೇಲೆ ಸ್ವಲ್ಪ ಹೊತ್ತು ಕೆಲವರು ಬಡಬಡಿಸ್ತಾರೆ. ನೋವು, ಬಾಯಾರಿಕೆ, ಚಳಿ, ಗಂಟೆ ಎಷ್ಟು, ಇಂಥದ್ದೇ ಜಾಸ್ತಿ. ಕೂತು ಕತೆ ಹೇಳುವಷ್ಟು ಸ್ಥಿಮಿತ ಆಗ ಇರೋದಿಲ್ಲ. ಆದರೆ ಒಂದು ಮಾತೂ ಬರೋದಿಲ್ಲ ಅಂತ ನಾನು ಬರೆದುಕೊಡಲಾರೆ."

ಅವರು ಚೀಲದ ಹಿಡಿಯನ್ನು ಸುತ್ತುತ್ತಾ, ಬಿಡಿಸುತ್ತಾ ಇದ್ದರು. "ಹಾಗಾದ್ರೆ ಆಗ ಯಾರು ಹತ್ರ ಇರ್ತಾರೆ, ಅದು ಮುಖ್ಯ" ಎಂದರು. ನಾನು ಕೊಡಬೇಕಾದ ಸಲಹೆಯನ್ನು ಅವರೇ ಕೊಟ್ಟುಕೊಂಡರು.

ಗುಟ್ಟು ಏನು ಎಂದು ನಾನು ಕೇಳಲಿಲ್ಲ. ಈ ಪ್ರಕರಣವನ್ನು ಸಹೋದ್ಯೋಗಿಯೊಬ್ಬರ ಎದುರು ಇಟ್ಟಾಗ, "ಕೇಳಬೇಕಿತ್ತು, ಅದೇ ಮೂಲ, ಅದು ಹೊರಬಂದರೆ ಹೆದರಿಕೆ ತಾನಾಗಿ ಹೋಗ್ತಿತ್ತು" ಎಂದರು. ಇರಬಹುದು. ನನಗೆ ಒಪ್ಪಿಗೆ ಆಗಲಿಲ್ಲ. ಪಿತ್ತಕೋಶ ತೆಗೆಸಿಕೊಳ್ಳಲು ಮೊದಲು ತಪ್ಪೊಪ್ಪಿಗೆ ಯಾಕೆ? ಮೂವತ್ತು ವರ್ಷ ಒಬ್ಬ ಹೆಂಗಸು ಏನನ್ನೋ ಒಳಗೆ ಇಟ್ಟುಕೊಂಡು ಮನೆ ನಡೆಸಿದ್ದಾರೆ. ಅದು ಅವರ ಆಸ್ತಿ. ಬಾಯಿ ಬಿಡಿಸಿಬಿಡುತ್ತಾರೆ ಎಂದು ಹೆದರಿ ಬಂದವರ ಬಾಯಿಯನ್ನು ನಾನೇ ಬಿಡಿಸಿದರೆ ಆ ಟಿವಿಯ ವಿಡಿಯೋಗೂ ನನಗೂ ಏನು ವ್ಯತ್ಯಾಸ? ಹೇಳಬೇಕೆನಿಸಿದ ದಿನ ಬನ್ನಿ ಎಂದಷ್ಟೇ ಹೇಳಿದೆ.

ಸಲಹೆ ತೀರಾ ಸಾದಾ ಇತ್ತು. ನಮ್ಮ ಜಿಲ್ಲೆಯವರಿಗೆ ಸ್ವಲ್ಪ ದೊಡ್ಡ ಆಪರೇಷನ್ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು. ನೂರಾರು ಕಿಲೋಮೀಟರ್ ದಾರಿ, ಹಾಗಾಗಿ ಕಾರು ತುಂಬ ಮಂದಿ. ಗಂಡ, ಮಗ, ನಾದಿನಿ, ಚಾ ತರಲು ಒಬ್ಬ. ಎದ್ದ ಕೂಡಲೇ ಎಲ್ಲರೂ ಮಂಚದ ಸುತ್ತ. ಅದಕ್ಕೇ, ಅರಿವಳಿಕೆ ವೈದ್ಯರು ಮುಂಚಿತವಾಗಿ ನೋಡುವ ದಿನ ಮನೆಯವರನ್ನು ಹೊರಗೆ ಕೂರಿಸಿ ಒಬ್ಬರೇ ಮಾತಾಡಿ ಎಂದೆ. ಪೂರ್ತಿ ಎಚ್ಚರ ಆಗುವವರೆಗೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಕೇಳಿ. ಕಾರಣ ಹೇಳಬೇಕಿಲ್ಲ. ಮೊದಲು ಒಳಗೆ ಬರುವವರು ಯಾರು ಅಂತ ನೀವೇ ಹೆಸರು ಕೊಡಿ. ಅವರು ಗಂಡನ ಹೆಸರು ಹೇಳಲಿಲ್ಲ, ತಂಗಿಯ ಹೆಸರು ಹೇಳಿದರು.

ಓದುವವರಿಗೆ ಇಲ್ಲೊಂದು ಮಾತು ಸೇರಿಸಬೇಕು. ಬಾಳಿನ ಗುಟ್ಟು ನಿಮ್ಮಲ್ಲೇ ಇರಲಿ, ದೇಹದ ಗುಟ್ಟನ್ನು ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಕವಳಕ್ಕೆ, ಅಂದರೆ ಎಲೆಅಡಿಕೆಗೆ, ತಂಬಾಕು ಹಾಕುವುದು, ಮನೆಯವರಿಗೆ ತಿಳಿಯದ ನಿದ್ದೆ ಮಾತ್ರೆ, ಕುಡಿತ, ಅಲ್ಲಾಡುವ ಹಲ್ಲು, ಹಿಂದೆ ಯಾವುದೋ ಇಂಜೆಕ್ಷನ್‌ಗೆ ಮೈಮೇಲೆ ಗಂಧೆ ಎದ್ದದ್ದು. ಎಲ್ಲಕ್ಕಿಂತ ಹೆಚ್ಚು ಮುಚ್ಚಿಡುವುದು ಬೆಳಗಿನ ಕಷಾಯವನ್ನು! "ಒಂದೇ ಗುಟುಕು" ಅಂತಾರೆ. ಹಾಲು ಹಾಕಿದ ಕಷಾಯವೂ ಚಾವೂ ಊಟದ ಲೆಕ್ಕವೇ, ಆರು ಗಂಟೆ ಮೊದಲೇ ನಿಲ್ಲಬೇಕು. ಬರೀ ನೀರಾದರೆ ಸಾಮಾನ್ಯವಾಗಿ ಎರಡು ಗಂಟೆ ಮೊದಲಿನವರೆಗೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ. ಇದು ಗೊತ್ತಿದ್ದೂ ಸುಳ್ಳು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಐದನೆಯ ತಾರೀಖು ತಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಆಯಿತು. ಹತ್ತು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಎರಡು ದಿನ ಗಂಟಲು ಕೆರೆಯಿತಂತೆ. ಹೊಟ್ಟೆಯಲ್ಲಿ ಆಪರೇಷನ್ ಮಾಡಿದರೆ ಭುಜ ಯಾಕೆ ನೋಯ್ತದೆ ಎಂದು ಬೈದರು. ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಹಾಗಾಗುತ್ತದೆ ಎಂದೆ.

"ತಂಗಿ ಏನಂತಾಳೆ?" ಎಂದು ಕೇಳಿಯೂ ಬಿಟ್ಟೆ. ಕೇಳಬಾರದಿತ್ತು.

"ನೀ ಎಂತದೂ ಹೇಳಲಿಲ್ಲ ಅಂತಾಳೆ." ಸ್ವಲ್ಪ ತಡೆದರು. "ಹೇಳಿದ್ರೂ ಅವಳು ಹಾಗೇ ಅಂತಿದ್ಲು, ಅಲ್ವಾ ಮೇಡಂ? ಅದಕ್ಕೇ ಅಲ್ವಾ ಅವಳ ಹೆಸರು ಕೊಟ್ಟದ್ದು."

ಆಮೇಲೆ ಎಣ್ಣೆ ತಿಂಡಿ ಯಾವಾಗಿಂದ ತಿನ್ನಬಹುದು ಎಂದು ವಿಚಾರಿಸಿದರು. ಅದನ್ನು ಡಾಕ್ಟರನ್ನೇ ಕೇಳಿ ಎಂದೆ.