ಫಿಂಗರ್‌ಸ್ಟೈಲ್‌ಗೆ ಚಿಕ್ಕ ಗಿಟಾರ್: ಅಳತೆ, ಮರ ಮತ್ತು ನಮ್ಮ ಮಳೆಗಾಲ

ಪ್ರಶ್ನೆ: ಮಾನ್ಯರೇ, ಚರ್ಚಿನ ಗಾಯನ ವೃಂದದಲ್ಲಿ ಹಲವು ವರ್ಷಗಳಿಂದ ದೊಡ್ಡ ಮೈಯ ಡ್ರೆಡ್‌ನಾಟ್ ಗಿಟಾರ್ ನುಡಿಸುತ್ತಿದ್ದೇನೆ. ಈಗ ಪಿಕ್ ಬಿಟ್ಟು ಬೆರಳುಗಳಿಂದಲೇ ನುಡಿಸುವ ಫಿಂಗರ್‌ಸ್ಟೈಲ್ ಅಭ್ಯಾಸ ಮಾಡುತ್ತಿದ್ದು, ಅದಕ್ಕೆಂದು ಚಿಕ್ಕ ಗಾತ್ರದ ಗಿಟಾರೊಂದನ್ನು ತಯಾರಕರಲ್ಲಿ ಕೈಯಿಂದ ಮಾಡಿಸಿಕೊಳ್ಳುವ ಆಸೆಯಿದೆ. ಯಾವ ಅಳತೆ ಸೂಕ್ತ? ಕರಾವಳಿಯ ಮಳೆಗಾಲವನ್ನು ಅದು ತಾಳೀತೇ? ಮನೆಯಲ್ಲಿರುವ ಹಳೆಯ ಬೀಟೆ ಮರದ ಹಲಗೆಗಳನ್ನು ಬಳಸಬಹುದೇ?
– ಓದುಗರೊಬ್ಬರು, ಕಲ್ಯಾಣಪುರ, ಉಡುಪಿ

ಉತ್ತರ: ಡ್ರೆಡ್‌ನಾಟ್‌ನ ಅತಿ ಅಗಲವಾದ ಭಾಗ ಸುಮಾರು 40 ಸೆಂ.ಮೀ. ಇರುತ್ತದೆ. ಟ್ರಿಪಲ್ ಓ ಮತ್ತು ಓಎಂ ಮಾದರಿಗಳಲ್ಲಿ ಅದು 38, ಡಬಲ್ ಓ ಮಾದರಿಯಲ್ಲಿ 36 ಸೆಂ.ಮೀ.ಗೆ ಸ್ವಲ್ಪ ಹೆಚ್ಚು. ಡ್ರೆಡ್‌ನಾಟ್‌ನ ತುಂಬು ಮಂದ್ರಸ್ವರ ಹತ್ತಾರು ಕಂಠಗಳ ಜೊತೆ ಸ್ಟ್ರಮ್ ಮಾಡುವಾಗ (ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟುವಾಗ) ವರವೇ ಸರಿ. ಆದರೆ ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ಲಯ ಹಿಡಿದು, ಉಳಿದ ಬೆರಳುಗಳು ತಾರಸ್ವರದ ತಂತಿಗಳಲ್ಲಿ ರಾಗವನ್ನು ಹೇಳಬೇಕಾದಾಗ ಅದೇ ಗುಣ ರಾಗವನ್ನು ಮುಚ್ಚಿಬಿಡುತ್ತದೆ. ಚಿಕ್ಕ ಟಾಪ್‌ಗೆ, ಅಂದರೆ ಗಿಟಾರಿನ ಮುಂಬದಿಯ ಹಲಗೆಗೆ, ಕಂಪಿಸಲು ಕಡಿಮೆ ಬಲ ಸಾಕಾಗುವುದರಿಂದ ಮೃದುವಾದ ಮೀಟಿಗೂ ಅದು ಸ್ಪಷ್ಟವಾಗಿ ಉತ್ತರಿಸುತ್ತದೆ. ನಿಮಗೆ ಟ್ರಿಪಲ್ ಓ ಅಳತೆಯನ್ನೇ ಸೂಚಿಸುತ್ತೇನೆ. ಅದರಲ್ಲೂ ಹನ್ನೆರಡನೆಯ ಫ್ರೆಟ್‌ನಲ್ಲಿ (ಲೋಹದ ಅಡ್ಡಪಟ್ಟಿಯಲ್ಲಿ) ನೆಕ್, ಅಂದರೆ ಗಿಟಾರಿನ ಕತ್ತು, ಮೈಯನ್ನು ಸೇರುವ ವಿನ್ಯಾಸವಾದರೆ ತಂತಿಗಳನ್ನು ಮೈಗೆ ಬಿಗಿಯುವ ಬ್ರಿಡ್ಜ್ ಟಾಪ್‌ನ ಅಗಲವಾದ ಭಾಗದ ನಡುವಿಗೆ ಸರಿಯುವುದರಿಂದ ನಾದಕ್ಕೆ ಇನ್ನಷ್ಟು ತುಂಬುತನ ಬರುತ್ತದೆ. ವೃಂದಕ್ಕೆ ಮಾತ್ರ ನಿಮ್ಮ ಹಳೆಯ ಡ್ರೆಡ್‌ನಾಟ್ ಇರಲಿ, ಅದನ್ನು ಮಾರಬೇಡಿ.

ಗಾತ್ರದ ಕುರಿತು ಇಷ್ಟು ಸಾಕು. ನೆಕ್‌ನ ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ ನಟ್‌ನ ಅಗಲದ ಬಗ್ಗೆ ಜನ ವಿಚಾರಿಸುವುದೇ ಕಡಿಮೆ, ಆದರೆ ಬೆರಳುಗಳಿಗೆ ದಿನನಿತ್ಯ ಅನುಭವಕ್ಕೆ ಬರುವುದು ಅದೇ. ಸಾಮಾನ್ಯ ಗಿಟಾರುಗಳಲ್ಲಿ 43 ಮಿ.ಮೀ. ಇರುವ ಅಗಲವನ್ನು 44.5 ಮಿ.ಮೀ.ಗೆ ಹೆಚ್ಚಿಸಿ, ಬ್ರಿಡ್ಜ್‌ನಲ್ಲಿಯೂ ತಂತಿಗಳ ಅಂತರವನ್ನು ಅದಕ್ಕೆ ಹೊಂದಿಸಿಕೊಡಲು ಹೇಳಿ. ಸ್ಕೇಲ್ ಉದ್ದದಲ್ಲಿ (ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿ ಕಂಪಿಸುವ ಉದ್ದ) 24.9 ಇಂಚು ಮತ್ತು 25.4 ಇಂಚು ಎರಡೂ ಬಳಕೆಯಲ್ಲಿವೆ. ಮೊದಲನೆಯದರಲ್ಲಿ ತಂತಿಯ ಬಿಗಿ ಕಡಿಮೆಯಾಗಿ ಬೆರಳಿಗೆ ಹಿತವೆನಿಸುತ್ತದೆ. ತಂತಿಗಳನ್ನು ಇಳಿಸಿ ಶ್ರುತಿ ಮಾಡುವ ಅಭ್ಯಾಸ ನಿಮಗಿದ್ದರೆ ಎರಡನೆಯದೇ ಮೇಲು, ಏಕೆಂದರೆ ಚಿಕ್ಕ ಸ್ಕೇಲ್‌ನಲ್ಲಿ ಇಳಿಸಿದ ತಂತಿ ಸಡಿಲಗೊಂಡು ಫ್ರೆಟ್‌ಗಳಿಗೆ ತಾಗತೊಡಗುತ್ತದೆ.

ಮಳೆಗಾಲದ ಪ್ರಶ್ನೆಯನ್ನು ಗಾತ್ರದ ಪ್ರಶ್ನೆಗಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ. ಮರವು ತೇವಾಂಶವನ್ನು ಹೀರಿದಾಗ ಎಳೆಗಳ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಒಳಗೂ ಆರ್ದ್ರತೆ ಶೇ. 80ನ್ನು ದಾಟುವಾಗ ಟಾಪ್ ಉಬ್ಬಿ, ಬ್ರಿಡ್ಜ್ ಮೇಲೆದ್ದು, ತಂತಿಗಳು ಫ್ರೆಟ್‌ಬೋರ್ಡಿನಿಂದ ದೂರವಾಗಿ, ನಾದ ಮಂಕಾಗುತ್ತದೆ. ಇದು ಕಿರಿಕಿರಿಯ ಸಂಗತಿಯಾದರೂ ಹವೆ ಒಣಗಿದಂತೆ ಬಹುಪಾಲು ಸರಿಹೋಗುತ್ತದೆ. ನಿಜವಾದ ಅಪಾಯ ಬೇರೆಯಿದೆ. ಟಾಪ್‌ನ ಒಳಮೈಗೆ ಬ್ರೇಸ್ ಪಟ್ಟಿಗಳನ್ನು ಅಂಟಿಸುವಾಗ ಆ ಕೋಣೆಯಲ್ಲಿ ಎಷ್ಟು ಆರ್ದ್ರತೆ ಇತ್ತೋ, ಆ ವಾದ್ಯ ಜೀವನವಿಡೀ ಅದನ್ನೇ ತನ್ನ ಸಹಜ ಸ್ಥಿತಿಯೆಂದು ಹಿಡಿದುಕೊಳ್ಳುತ್ತದೆ. ತೇವ ತುಂಬಿದ ಕೋಣೆಯಲ್ಲಿ ಜುಲೈ ತಿಂಗಳಲ್ಲಿ ಜೋಡಿಸಿದ ಗಿಟಾರನ್ನು ಮಾರ್ಚ್‌ನ ಬೆಂಗಳೂರಿಗೋ ಹವಾನಿಯಂತ್ರಿತ ಕೋಣೆಗೋ ಒಯ್ದರೆ, ಕುಗ್ಗಲು ಜಾಗವಿಲ್ಲದ ಟಾಪ್ ಸೀಳುತ್ತದೆ. ಆದ್ದರಿಂದ ಬೆಲೆ ಕೇಳುವ ಮೊದಲು, ಕೋಣೆಯ ತೇವಾಂಶವನ್ನು ಹೇಗೆ ನಿಯಂತ್ರಿಸುತ್ತೀರಿ ಎಂದು ತಯಾರಕರನ್ನು ಕೇಳಿ. ಒಳ್ಳೆಯ ತಯಾರಕರು ಅದನ್ನು ಶೇ. 45ರ ಆಸುಪಾಸಿನಲ್ಲಿ ಇರಿಸಿಕೊಂಡೇ ಕೆಲಸ ಮಾಡುತ್ತಾರೆ. ಈ ಪ್ರಶ್ನೆಗೆ ನೇರ ಉತ್ತರ ಕೊಡದವರಿಗೆ ಮುಂಗಡ ಕೊಡಬೇಡಿ.

ಮಳೆಗಾಲಕ್ಕೆಂದೇ ತುಸು ತಗ್ಗಾದ ಇನ್ನೊಂದು ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಕೂರುವ ಸಣ್ಣ ಪಟ್ಟಿ) ಮಾಡಿಸಿಟ್ಟುಕೊಳ್ಳಿ. ಆಕ್ಷನ್, ಅಂದರೆ ಫ್ರೆಟ್‌ಗಳಿಂದ ತಂತಿಗಳ ಎತ್ತರ, ಏರಿದಾಗ ಅದನ್ನು ಬದಲಿಸಿದರೆ ಸಾಕು, ಮೂಲ ಸ್ಯಾಡಲನ್ನು ಉಜ್ಜಿ ಹಾಳುಮಾಡಬೇಕಾಗಿಲ್ಲ. ನುಡಿಸದಿರುವಾಗ ಗಿಟಾರ್ ಗಟ್ಟಿ ಕೇಸಿನಲ್ಲಿಯೇ ಇರಲಿ, ಜೊತೆಗೆ ಸಿಲಿಕಾ ಜೆಲ್ ಮತ್ತು ಪುಟ್ಟ ಆರ್ದ್ರತಾಮಾಪಕವೂ ಇರಲಿ. ಉಪ್ಪುಗಾಳಿಗೆ ತಂತಿ ಬೇಗ ಕಿಲುಬು ಹಿಡಿಯುವುದರಿಂದ ಲೇಪನವಿರುವ ತಂತಿಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಬೀಟೆಯ ವಿಚಾರ ನನಗೆ ಬಹಳ ಸಂತೋಷ ಕೊಟ್ಟಿತು. ಪಶ್ಚಿಮ ಘಟ್ಟದ ಈ ಮರವನ್ನೇ ಜಗತ್ತಿನ ಗಿಟಾರ್ ತಯಾರಕರು ಇಂಡಿಯನ್ ರೋಸ್‌ವುಡ್ ಎಂದು ತರಿಸಿಕೊಳ್ಳುತ್ತಾರೆ. ದಶಕಗಳಿಂದ ಒಣಗಿದ ಹಲಗೆ ಹೊಸದಾಗಿ ಕೊಯ್ದ ಮರಕ್ಕಿಂತ ಸ್ಥಿರವೂ ಹೌದು. ಚಿಕ್ಕ ಗಿಟಾರಿನ ಲಾಭ ಇಲ್ಲಿಯೂ ಇದೆ. ಹಿಂಬದಿಯನ್ನು ಎರಡು ತುಂಡುಗಳಲ್ಲಿ ಜೋಡಿಸುವುದರಿಂದ ಸುಮಾರು 20 ಸೆಂ.ಮೀ. ಅಗಲ ಮತ್ತು ಅರ್ಧ ಮೀಟರಿಗೆ ತುಸು ಹೆಚ್ಚು ಉದ್ದದ ಹಲಗೆ ಸಾಕಾಗುತ್ತದೆ. ಪಕ್ಕಗಳಿಗೆ ಮಾತ್ರ 80 ಸೆಂ.ಮೀ.ಗೂ ಮೀರಿದ ನೇರ ಎಳೆಯ ಹಲಗೆ ಬೇಕು. ಆದರೆ ಕೊನೆಯ ದಪ್ಪ ಎರಡೂವರೆ ಮಿ.ಮೀ. ಮಾತ್ರ ಉಳಿಯುವುದರಿಂದ ಮೊಳೆಯ ತೂತು, ಗೆದ್ದಲಿನ ಜಾಡು, ಗಂಟು ಇವುಗಳಿಗೆ ಅಲ್ಲಿ ಅವಕಾಶವಿಲ್ಲ. ಊರಿನ ಸಾಮಿಲ್‌ನಲ್ಲಿ ಮೊದಲೇ ಸೀಳಿಸಬೇಡಿ. ಹಲಗೆಯ ತುದಿಯಲ್ಲಿ ಎಳೆ ಯಾವ ದಿಕ್ಕಿಗಿದೆ ಎಂಬುದು ಕಾಣುವಂತೆ ಚಿತ್ರ ತೆಗೆದು ತಯಾರಕರಿಗೆ ಕಳುಹಿಸಿ, ಹೇಗೆ ಕೊಯ್ಯಬೇಕೆಂಬುದನ್ನು ಅವರೇ ನಿರ್ಧರಿಸಲಿ. ಟಾಪ್‌ಗೆ ಮಾತ್ರ ಬೀಟೆ ಒಗ್ಗದು. ಅದಕ್ಕೆ ಹಗುರವಾದ ಸ್ಪ್ರೂಸ್ ಅಥವಾ ಸೀಡರ್ ಮರವನ್ನೇ ತರಿಸಬೇಕಾಗುತ್ತದೆ, ಮತ್ತು ಮೃದುವಾಗಿ ಮೀಟುವ ಕೈ ನಿಮ್ಮದಾಗಿದ್ದರೆ ನನ್ನ ಆಯ್ಕೆ ಸೀಡರ್.